ಮಗಳ ಬಸ್ಸಿಗೆ ಇನ್ನೂ ಒಬ್ಬ ಪ್ಯಾಸೆಂಜರ್ ಸಿಕ್ಕಿಲ್ಲ

ಪುಟ್ಟಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಶಿರಸಿ ಬಿಟ್ಟು ಮೈಸೂರಿಗೆ ಬಂದೆವು. ಮಗಳಿಗೆ 5 ವರ್ಷ. ಊರಲ್ಲಿ ಅಂಗಳದ ತುಂಬಾ ಮಕ್ಕಳು. ಇಲ್ಲಿ ಎರಡನೇ ಮಹಡಿಯಲ್ಲಿ ಒಬ್ಬಳೇ.

ಈಗ ಅವಳಿಗೆ ಒಂದೇ ಆಟ, ಬಸ್ಸಿನಾಟ. ಮಹಡಿ ಮೆಟ್ಟಿಲುಗಳೇ ಸೀಟು. ಒಂದೊಂದರ ಮೇಲೂ ಬಟ್ಟೆ ಕ್ಲಿಪ್ಪು ಕೂರಿಸುತ್ತಾಳೆ, ಅವರೇ ಪ್ಯಾಸೆಂಜರ್‌ಗಳು. ಹೆಗಲಿಗೆ ನನ್ನ ಹಳೇ ಬ್ಯಾಗು. "ಸಿದ್ದಾಪುರ, ಸಾಗರ, ಶಿವಮೊಗ್ಗಾ" ಅಂತ ಕೂಗಿ, "ಹೆಂಗಸ್ರಿಗೆ ಫ್ರೀ, ಆಧಾರ್ ಕಾರ್ಡ್ ತೋರ್ಸಿ" ಅನ್ನುತ್ತಾಳೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿ ಜೊತೆ ಓಡಾಡಿ ಕಲಿತಿದ್ದು. ಡ್ರೈವರ್ ಹೆಸರು ಗುಂಡಣ್ಣ. ಅವನು ಬೇರೆ ಯಾರ ಕಣ್ಣಿಗೂ ಕಾಣಲ್ಲ. ಊಟಕ್ಕೆ ಕರೆದರೆ "ತಡಿ ಅಮ್ಮಾ, ಗುಂಡಣ್ಣ ಟೀ ಕುಡೀತಿದ್ದಾನೆ" ಅನ್ನುತ್ತಾಳೆ.

ಎದುರು ಮನೆಯಲ್ಲಿ ಅವಳದೇ ವಯಸ್ಸಿನ ಹುಡುಗ ಇದ್ದಾನೆ. ಅವರು ಹಿಂದಿಯವರು, ಅವನಿಗೆ ಕನ್ನಡ ಬರಲ್ಲ. ದಿನಾ ಬಾಗಿಲ ಸಂದಿಯಿಂದ ಆಟ ನೋಡುತ್ತಾನೆ. "ಹೋಗು, ಫ್ರೆಂಡ್ ಮಾಡ್ಕೋ" ಅಂದರೆ ಇವಳು ಕ್ಲಿಪ್ಪೆಲ್ಲ ಬಾಚಿಕೊಂಡು ಒಳಗೆ ಬಂದುಬಿಡುತ್ತಾಳೆ. ಹೀಗೇ ಗುಂಡಣ್ಣನ ಜೊತೆ ಇದ್ದರೆ ಮುಂದೆ ಯಾರ ಜೊತೆಗೂ ಬೆರೆಯಲ್ವೇನೋ ಅಂತ ಸಂಕಟ ಆಗುತ್ತೆ. ಏನು ಮಾಡಲಿ?

ಇಬ್ಬರು ಮಕ್ಕಳ ಅಪ್ಪ:
ಗುಂಡಣ್ಣನ ಚಿಂತೆ ಬಿಡಿ ಮೇಡಂ. ಅಮೆರಿಕದಲ್ಲಿ ಮಾರ್ಜರಿ ಟೇಲರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದ್ದಾರೆ. 2004ರಲ್ಲಿ ಬಂದ ವರದಿ ಪ್ರಕಾರ 7 ವರ್ಷದೊಳಗೆ ಶೇ. 65ರಷ್ಟು ಮಕ್ಕಳಿಗೆ ಇಂಥ ಗೆಳೆಯರು ಇದ್ದರಂತೆ. ಗೊಂಬೆಗೆ ಜೀವ ಕೊಟ್ಟು ಮಾತಾಡಿಸುವುದೂ ಆ ಲೆಕ್ಕದಲ್ಲಿ ಸೇರಿದೆ. ನಮ್ಮ ದೊಡ್ಡವನ ಹತ್ತಿರ ಒಂದು ಆನೆ ಇತ್ತು, ಫ್ರಿಜ್ ಹಿಂದೆ ಮಲಗುತ್ತಿತ್ತು. ಒಂದನೇ ಕ್ಲಾಸು ಮುಗಿಯುವ ಹೊತ್ತಿಗೆ ಅದರ ಸುದ್ದಿಯೇ ಇಲ್ಲ.

ನಿವೃತ್ತ ಅಂಗನವಾಡಿ ಟೀಚರ್:
ಮಗಾ, "ಫ್ರೆಂಡ್ ಮಾಡ್ಕೋ" ಅನ್ನೋದನ್ನ ಮೊದಲು ನಿಲ್ಲಿಸು. ನಮಗೇ ಯಾರಾದರೂ ಹಾಗಂದರೆ ಮುಜುಗರ ಆಗಲ್ವಾ? ಆ ಹುಡುಗ ದಿನಾ ನೋಡುತ್ತಾನೆ ಅಂದೆಯಲ್ಲ, ಅವನ ಕಡೆಯಿಂದ ಆಟ ಆಗಲೇ ಶುರುವಾಗಿದೆ. ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದ ಮಕ್ಕಳು ಮೊದಲು ನೋಡುತ್ತಿದ್ದರು, ಆಮೇಲೆ ಪಕ್ಕದಲ್ಲಿ ಕೂತು ತಮ್ಮ ಪಾಡಿಗೆ ಆಡುತ್ತಿದ್ದರು, ಕೊನೆಗೆ ಕೂಡುತ್ತಿದ್ದರು. ಅವಸರ ಮಾಡಿದರೆ ಅಳುತ್ತಿದ್ದರು.

ಒಬ್ಬರಿಂದ ಆಗದ ಒಂದು ಸಾಮಾನು ಕೊಡು, ಸಾಕು. ಬಟ್ಟೆ ಒಣಹಾಕುವ ಹಗ್ಗ ನಾಲ್ಕು ಮೊಳ ತಗೊಂಡು ಎರಡು ತುದಿ ಸೇರಿಸಿ ಗಂಟು ಹಾಕು. ಹಗ್ಗ ಸೊಂಟದ ಹತ್ತಿರ ಇರಲಿ, ಕುತ್ತಿಗೆಗೆ ಬೇಡ. ಮುಂದೆ ಡ್ರೈವರ್, ಹಿಂದೆ ಕಂಡಕ್ಟರ್. ಹಿಂದೆ ಯಾರೂ ಇಲ್ಲದಿದ್ದರೆ ಹಗ್ಗ ನೆಲಕ್ಕೆ ಬೀಳುತ್ತೆ. ಮೆಟ್ಟಿಲ ಮೇಲೆ ಓಡಿಸಬೇಡ, ಕೆಳಗೆ ಸಮತಟ್ಟು ಜಾಗದಲ್ಲಿ ಬಿಡು. ನೀನು ದೂರ ಕೂತು ಅವರೆಕಾಯಿ ಸುಲಿ.

ಪುಟ್ಟಿಯ ಅಮ್ಮ:
ಟೀಚರಮ್ಮಾ, ಹೇಗೆ ಥ್ಯಾಂಕ್ಸ್ ಹೇಳಲಿ! ಭಾನುವಾರ ಕೆಳಗೆ ಹಗ್ಗ ಕೊಟ್ಟೆ. ಒಬ್ಬಳೇ ಎರಡು ಸುತ್ತು ಎಳೆದುಕೊಂಡು ಓಡಿದಳು. ಮೂರನೇ ಸಲ ಹಗ್ಗ ಕಾಲಿಗೆ ಸಿಕ್ಕಿ ನಿಂತಳು. ಆ ಹುಡುಗ ಬಂದು ಬಿದ್ದ ತುದಿ ಎತ್ತಿ ಹಿಡಿದ. ಇವಳು ತಿರುಗಿ ನೋಡಿ "ನಿಂಗೆ ಫ್ರೀ ಇಲ್ಲ, ದುಡ್ಡು ಕೊಡು" ಅಂತ ಕೈ ಚಾಚಿದಳು. ಅವನಿಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಮನೆಗೆ ಓಡಿ ಮುಷ್ಟಿ ತುಂಬಾ ರಾಜ್ಮಾ ಕಾಳು ತಂದ!

ಗುಂಡಣ್ಣನೂ ಹಗ್ಗದ ಒಳಗೇ ಇದ್ದ. ಅವನಿಗೆ ನಡುವೆ ಜಾಗ ಬಿಟ್ಟೇ ಓಡಿದರು.

ಇವತ್ತು ಅವರ ಅಮ್ಮ ಬಂದು, ಮಗ ಬೆಳಗಿಂದ "ರೈಟ್ ರೈಟ್, ಹೋಲ್ಡಾನ್" ಅಂತ ಮನೆ ತುಂಬಾ ಓಡುತ್ತಿದ್ದಾನೆ, ಅದು ಕನ್ನಡವಾ ಅಂತ ಕೇಳಿದರು. ಒಳಗೆ ಕರೆದು ಕಾಫಿ ಕೊಟ್ಟೆ.