ರೋಬೋಟ್ ವೆಲ್ಡಿಂಗ್: ಬೀಡ್ ಜಾಯಿಂಟ್ ಬಿಟ್ಟು ಸರಿಯುತ್ತಿದೆ, ಸಹಾಯ ಬೇಕು

ರೋಬೋಟ್‌ನಲ್ಲಿ ಮಿಗ್ ವೆಲ್ಡಿಂಗ್ (ಸುರುಳಿಯಿಂದ ಬರುವ ವೈರ್ ಕರಗಿಸಿ ಬೆಸೆಯೋದು) ಕಲಿಯುತ್ತಿದ್ದೇನೆ. 3 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟ್, ಉದ್ದನೆಯ ಲ್ಯಾಪ್ ಜಾಯಿಂಟ್ (ಒಂದು ಶೀಟಿನ ಅಂಚು ಇನ್ನೊಂದರ ಮೇಲೆ ಕೂತ ಜೋಡಣೆ). ಶುರುವಿನಲ್ಲಿ ಬೀಡ್ (ವೆಲ್ಡ್‌ನ ಗೆರೆ) ಮೇಲಿನ ಶೀಟಿನ ಅಂಚಿಗೆ ಸರಿಯಾಗಿ ಕೂರುತ್ತದೆ. ಕೊನೆಗೆ ಬರುವಷ್ಟರಲ್ಲಿ ಸುಮಾರು 2 ಮಿ.ಮೀ. ಸರಿದು ಕೆಳಗಿನ ಶೀಟ್ ಮೇಲಷ್ಟೇ ಬೀಳುತ್ತದೆ. ಆರ್ಕ್ ಇಲ್ಲದೆ ಸುಮ್ನೆ ಓಡಿಸಿ ನೋಡಿದರೆ ವೈರ್ ತುದಿ ಉದ್ದಕ್ಕೂ ಅಂಚಿನ ಮೇಲೇ ಹೋಗುತ್ತದೆ!

ಚೂಪು ಪಿನ್ನಿನ ತುದಿಗೆ ವೈರ್ ಹಿಡಿದು, ಟಾರ್ಚನ್ನು ಎಲ್ಲ ಕಡೆ ತಿರುಗಿಸಿ ಟಿಸಿಪಿ (ವೈರ್ ತುದಿ ಇಲ್ಲಿದೆ ಅಂತ ರೋಬೋಟ್ ಲೆಕ್ಕ ಹಿಡಿಯುವ ಬಿಂದು) ನೋಡಿದೆ. ಸರಿ ಇದೆ. ವೈರ್ ಹೊರಬರುವ ಕಾಂಟ್ಯಾಕ್ಟ್ ಟಿಪ್ಪೂ ಹೊಸದು. ಟಚ್ ಸೆನ್ಸಿಂಗ್ (ಶೀಟನ್ನು ಮುಟ್ಟಿ ಜಾಯಿಂಟ್ ಎಲ್ಲಿದೆ ಅಂತ ರೋಬೋಟ್ ಹುಡುಕೋದು) ಇದೆ, ಆದರೆ ಅದು ಅಳೆಯೋದು ವೆಲ್ಡ್‌ಗೆ ಮೊದಲು ಮಾತ್ರ ಅಲ್ವಾ.

ಬಿಸಿಗೆ ಶೀಟೇ ಎಳೆದುಕೊಳ್ಳುತ್ತಿದೆಯಾ, ಇಲ್ಲ ವೈರ್ ಸುರುಳಿಯ ಬಾಗು ಕಾರಣವಾ? ಎರಡರಲ್ಲಿ ಯಾವುದು ಅಂತ ಪತ್ತೆ ಹಚ್ಚೋದು ಹೇಗೆ? ಶೀಟೇ ಆಗಿದ್ದರೆ ಟ್ಯಾಕ್ (ಮೊದಲೇ ಹಿಡಿದಿಡಲು ಹಾಕುವ ಚಿಕ್ಕ ವೆಲ್ಡ್) ಜಾಸ್ತಿ ಹಾಕಿದರೆ ಸಾಕಾ, ಕ್ಲಾಂಪ್ ಬದಲಿಸಬೇಕಾ?