ರಾತ್ರಿಯಿಡೀ ಯಕ್ಷಗಾನ ಆಟದ ವಿಡಿಯೋ: ಯಾವ ಎನ್‌ಕೋಡರ್, ಯಾವ ಸೆಟ್ಟಿಂಗ್? ನಿಮ್ಮ ಅನುಭವ ಹೇಳಿ

ಕೇಳಿದವರು (ಕುಂದಾಪುರ):
ನಮ್ಮೂರ ಸಂಘ ಪ್ರತಿವರ್ಷ ಬಯಲಾಟ ಆಡಿಸುತ್ತದೆ. ರೆಕಾರ್ಡಿಂಗ್ ನೋಡಿಕೊಳ್ಳುವುದು ನಾನು. 4ಕೆ ಕ್ಯಾಮೆರಾ, ಸೆಕೆಂಡಿಗೆ 25 ಫ್ರೇಮ್, 100 ಎಂಬಿಪಿಎಸ್. ಎಂಟು ಗಂಟೆಯ ಆಟಕ್ಕೆ 360 ಜಿಬಿ ಆಗುತ್ತದೆ. ಹಾರ್ಡ್ ಡಿಸ್ಕ್‌ಗಳೆಲ್ಲ ತುಂಬಿವೆ. ವಿಡಿಯೋ ಸೈಜ್ ಇಳಿಸಲು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ದೇನೆ. ಆದರೆ ಅದರಲ್ಲಿ ವಿಡಿಯೋ ಹಿಂಡುವ ಎನ್‌ಕೋಡರ್‌ಗಳೇ ಎಕ್ಸ್264, ಎಕ್ಸ್265, ಎನ್‌ವೆಂಕ್, ಎವಿ1 ಅಂತ ಹಲವು, ಮೇಲೆ ಹತ್ತು ಪ್ರಿಸೆಟ್ ನೋಡಿ ತಲೆ ತಿರುಗುತ್ತಿದೆ. ಐ5 ಕಂಪ್ಯೂಟರ್, ಆರ್‌ಟಿಎಕ್ಸ್ 3060 ಕಾರ್ಡ್ ಇದೆ. ಸಂಘದಲ್ಲಿ ಕಾಯಂ ಇಡಲು ಒಂದು, ಯೂಟ್ಯೂಬ್‌ಗೆ ಒಂದು, ಕಲಾವಿದರಿಗೆ ಪೆನ್ ಡ್ರೈವ್‌ನಲ್ಲಿ ಕೊಡಲು ಒಂದು ಪ್ರತಿ ಬೇಕು. ಗುಣಮಟ್ಟ, ವೇಗ, ಸೈಜ್ ಮೂರೂ ಒಂದು ಹದಕ್ಕೆ ಬರುವ ಸೆಟ್ಟಿಂಗ್ ಯಾವುದು?

ಮದುವೆ ವಿಡಿಯೋ ಎಡಿಟರ್ (ಶಿವಮೊಗ್ಗ):
ಸರ್, ಮೂರು ಕೆಲಸಕ್ಕೂ ಒಂದೇ ಸೆಟ್ಟಿಂಗ್ ಹುಡುಕಬೇಡಿ. ಗೊಂದಲ ಶುರುವಾಗುವುದೇ ಅಲ್ಲಿ. ಯೂಟ್ಯೂಬ್‌ನವರು ನೀವು ಏನು ಕೊಟ್ಟರೂ ತಮ್ಮ ಕಡೆ ಮತ್ತೊಮ್ಮೆ ಎನ್‌ಕೋಡ್ ಮಾಡುತ್ತಾರೆ. ಹಾಗಾಗಿ ಅಲ್ಲಿಗೆ ಹೋಗುವ ಫೈಲನ್ನು ರಾತ್ರಿಯೆಲ್ಲ ಕೂತು ಹಿಂಡುವುದು ದಂಡ. 4ಕೆಗೆ ಅವರೇ ಹೇಳುವ ಬಿಟ್‌ರೇಟ್ 35ರಿಂದ 45 ಎಂಬಿಪಿಎಸ್. ನಿಮ್ಮ ಕಾರ್ಡಿನ ಎನ್‌ವೆಂಕ್‌ನಲ್ಲಿ ಅಷ್ಟಕ್ಕೆ ಹಾಕಿ, ಬೇಗ ಮುಗಿಸಿ, ಏರಿಸಿಬಿಡಿ. ಏರಿಸಿದ ಮೇಲೆ ಆ ಪ್ರತಿಯನ್ನು ಅಳಿಸಬಹುದು. ನೆಟ್ ನಿಧಾನವಾಗಿದ್ದರೆ ಆಟವನ್ನು ಭಾಗ ಮಾಡಿ ಏರಿಸಿ. 1080ಪಿ ಬದಲು 4ಕೆ ಏರಿಸಿದರೆ ನೋಡುವವರಿಗೆ ಸಿಗುವ ಚಿತ್ರವೂ ಚೆನ್ನಾಗಿರುತ್ತದೆ.

ತಲೆ ಕೆಡಿಸಿಕೊಳ್ಳಬೇಕಾದದ್ದು ಕಾಯಂ ಇಡುವ ಪ್ರತಿಗೆ ಮಾತ್ರ. ಅದಕ್ಕೆ ಬಿಟ್‌ರೇಟ್ ನಿಗದಿ ಮಾಡಬೇಡಿ, ಸಿಆರ್‌ಎಫ್ ಬಳಸಿ. ಹ್ಯಾಂಡ್‌ಬ್ರೇಕ್‌ನಲ್ಲಿ ಅದಕ್ಕೆ ಆರ್‌ಎಫ್ ಅನ್ನುತ್ತಾರೆ. ಈ ನಂಬರ್ ಹೇಳುವುದು ‘ಗುಣಮಟ್ಟ ಇಷ್ಟಿರಲಿ, ಸೈಜ್ ಎಷ್ಟಾದರೂ ಆಗಲಿ’ ಅಂತ. ಭಾಗವತರು ಕೂತು ಪದ ಹೇಳುವಾಗ ಕಡಿಮೆ ಬಿಟ್ ಹೋಗುತ್ತದೆ, ವೇಷ ದಿಗಿಣ ಹಾರಿದಾಗ ಜಾಸ್ತಿ ಹೋಗುತ್ತದೆ. ನಂಬರ್ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಸುಮಾರು 6 ಇಳಿಸಿದರೆ ಸೈಜ್ ಹತ್ತಿರ ಹತ್ತಿರ ಎರಡು ಪಟ್ಟು.

ಪ್ರಿಸೆಟ್ ಅಂದರೆ ಎನ್‌ಕೋಡರ್‌ಗೆ ನೀವು ಕೊಡುವ ಸಮಯ. ನಿಧಾನದ ಪ್ರಿಸೆಟ್ ಕೊಟ್ಟರೆ ಅದು ಹೆಚ್ಚು ಹುಡುಕಿ, ಅಷ್ಟೇ ಬಿಟ್‌ನಲ್ಲಿ ಒಳ್ಳೆ ಚಿತ್ರ ಕೊಡುತ್ತದೆ. ನಾನು ಇಟ್ಟುಕೊಳ್ಳುವ ಫೈಲುಗಳಿಗೆ ಎಕ್ಸ್265, ‘ಸ್ಲೋ’ ಅಥವಾ ‘ಮೀಡಿಯಂ’ ಬಳಸುತ್ತೇನೆ. ‘ವೆರಿ ಸ್ಲೋ’ಗೆ ಹೋದರೆ ಸಮಯ ವಿಪರೀತ ಹಿಡಿಯುತ್ತದೆ, ಕಣ್ಣಿಗೆ ಕಾಣುವ ಲಾಭ ತೀರಾ ಕಡಿಮೆ. ‘ಪ್ಲಸೀಬೊ’ ಅಂತ ಒಂದಿದೆ, ಅದರ ಹತ್ತಿರ ಹೋಗಲೇಬೇಡಿ.

ಇನ್ನೊಂದು ವಿಷಯ. ಎಕ್ಸ್264ರ 23, ಎಕ್ಸ್265ರ 23, ಎನ್‌ವೆಂಕ್‌ನ 23 ಮೂರೂ ಬೇರೆ ಬೇರೆ. ಎಕ್ಸ್264ರ ಡೀಫಾಲ್ಟ್ 23, ಎಕ್ಸ್265ರದ್ದು 28. ಪ್ರಿಸೆಟ್ ಬದಲಾದರೂ ಅದೇ ನಂಬರಿಗೆ ಅದೇ ಫಲಿತಾಂಶ ಬರುವುದಿಲ್ಲ. ಆದ್ದರಿಂದ ಮೊದಲು ಪ್ರಿಸೆಟ್ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಸಿಆರ್‌ಎಫ್ ಹುಡುಕಿ. 4ಕೆಗೆ ಹ್ಯಾಂಡ್‌ಬ್ರೇಕ್‌ನವರು ಹೇಳುವುದು 22ರಿಂದ 28. ಕಾಯಂ ಪ್ರತಿ ಅಂದಮೇಲೆ 22ರ ಕಡೆಯೇ ಇರಿ.

ಆಟದ ರೆಕಾರ್ಡಿಂಗ್ ಮಾಡುವವರು (ಮಂಗಳೂರು):
ಶಿವಮೊಗ್ಗದವರು ಹೇಳಿದ್ದು ಸರಿ. ಆದರೆ ಮದುವೆ ಹಾಲ್ ಬೇರೆ, ಬಯಲಾಟ ಬೇರೆ. ನಿಮ್ಮ ಸೈಜ್ ತಿನ್ನುತ್ತಿರುವುದು ಕುಣಿತ ಅಲ್ಲ, ಕತ್ತಲೆ. ರಾತ್ರಿ ಕ್ಯಾಮೆರಾದ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿದಾಗ ಚಿತ್ರದ ತುಂಬ ಸಣ್ಣ ಸಣ್ಣ ಚುಕ್ಕೆ ಕುದಿಯುತ್ತದೆ ಅಲ್ವಾ, ಆ ನಾಯ್ಸ್ ಪ್ರತಿ ಫ್ರೇಮಿಗೂ ಹೊಸದು. ಎನ್‌ಕೋಡರ್ ಉಳಿತಾಯ ಮಾಡುವುದೇ ಹಿಂದಿನ ಫ್ರೇಮಿನಲ್ಲಿ ಇದ್ದದ್ದನ್ನು ಮತ್ತೆ ಬಳಸಿ. ನಾಯ್ಸ್‌ನಲ್ಲಿ ಹಾಗೆ ಬಳಸಿಕೊಳ್ಳಲು ಏನೂ ಸಿಗುವುದಿಲ್ಲ. ಅದಕ್ಕೇ ತಾಳಮದ್ದಳೆ ರೆಕಾರ್ಡಿಂಗ್ ಅದೇ ಸಿಆರ್‌ಎಫ್‌ನಲ್ಲಿ ಪುಟ್ಟ ಫೈಲ್ ಆಗುತ್ತದೆ. ಒಳಾಂಗಣದ ಒಳ್ಳೆ ಬೆಳಕು, ಎಲ್ಲರೂ ಕೂತಿರುತ್ತಾರೆ, ಅಲುಗಾಡುವುದು ಕೈ, ಬಾಯಿ ಅಷ್ಟೇ.

ಹಾಗಾಗಿ ಅರ್ಧ ಕೆಲಸ ರೆಕಾರ್ಡ್ ಮಾಡುವಾಗಲೇ ಆಗಬೇಕು. ಐಎಸ್‌ಒ ಆಟೋದಲ್ಲಿ ಬಿಡಬೇಡಿ. ಶಟರ್ 1/50ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಲೈಟ್ ಮಿನುಗುವುದೂ ಕಡಿಮೆಯಾಗುತ್ತದೆ. ರಂಗಸ್ಥಳದ ಹಿಂದಿನ ಕತ್ತಲು ಕತ್ತಲಾಗಿಯೇ ಇರಲಿ, ಅದನ್ನು ಬೆಳಗಿಸಲು ಹೋಗಬೇಡಿ.

ಈಗಾಗಲೇ ಇರುವ ಫೈಲುಗಳಿಗೆ ಡಿನಾಯ್ಸ್, ಅಂದರೆ ನಾಯ್ಸ್ ತೆಗೆಯುವ ಫಿಲ್ಟರ್ ಹಾಕಬಹುದು. ಹ್ಯಾಂಡ್‌ಬ್ರೇಕ್‌ನಲ್ಲಿ ಎರಡು ಇವೆ. ಎನ್‌ಎಲ್‌ಮೀನ್ಸ್ ಚೆನ್ನಾಗಿದೆ, ಆದರೆ ಬಲು ನಿಧಾನ. ಎಚ್‌ಕ್ಯೂಡಿಎನ್3ಡಿ ಬೇಗ. ಯಾವುದಾದರೂ ಸರಿ, ‘ಅಲ್ಟ್ರಾಲೈಟ್’ ಅಥವಾ ‘ಲೈಟ್’ ದಾಟಬೇಡಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ, ಅಂದರೆ ಉಬ್ಬು ಚುಕ್ಕೆಗಳನ್ನು ಇಟ್ಟಿರುತ್ತಾರಲ್ಲ, ಡಿನಾಯ್ಸ್ ಜಾಸ್ತಿಯಾದರೆ ಮೊದಲು ಕರಗುವುದು ಅದೇ. ಕಲಾವಿದರು ಗಂಟೆಗಟ್ಟಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೂತು ಒಂದೊಂದಾಗಿ ಇಟ್ಟ ಚಿಟ್ಟಿ ನಮ್ಮ ಫೈಲಿನಲ್ಲಿ ಬರೀ ಬಿಳಿ ಪಟ್ಟಿ ಆಗಬಾರದು. ನನಗೆ ಸೈಜ್‌ಗಿಂತ ಅದು ಮುಖ್ಯ.

ಟೆಸ್ಟ್ ಮಾಡಲು ಅತಿ ಕಷ್ಟದ ಒಂದು ನಿಮಿಷ ಆರಿಸಿ. ಬಣ್ಣದ ವೇಷ ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ ರಾಳ ಹಾರಿಸುತ್ತಾರೆ. ಒಂದು ಕ್ಷಣ ಬೆಂಕಿ ಧಗ್ಗನೆ ಏಳುತ್ತದೆ, ಇಡೀ ಫ್ರೇಮಿನ ಬೆಳಕು ಬದಲಾಗುತ್ತದೆ, ಆಮೇಲೆ ಹೊಗೆ ನಿಧಾನವಾಗಿ ಕತ್ತಲಿಗೆ ಹರಡುತ್ತದೆ. ಬೆಂಕಿ ಎದ್ದಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆಯೇ ನೋಡಿ. ಹೊಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಬೀಳುತ್ತದೆಯೇ ನೋಡಿ. ಆ ಒಂದು ನಿಮಿಷ ಚೆನ್ನಾಗಿ ಬಂದರೆ ಉಳಿದ ರಾತ್ರಿಯೂ ಚೆನ್ನಾಗಿ ಬರುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಚಾಪ್ಟರ್ ಬದಲು ಸೆಕೆಂಡ್ಸ್ ಆರಿಸಿ, ಎಲ್ಲಿಂದ ಎಲ್ಲಿವರೆಗೆ ಅಂತ ಕೊಟ್ಟರೆ ಅಷ್ಟೇ ತುಣುಕು ಎನ್‌ಕೋಡ್ ಆಗುತ್ತದೆ. ಸಿಆರ್‌ಎಫ್ 20, 22, 24, 26 ನಾಲ್ಕನ್ನೂ ಮಾಡಿ. ಲೈಟ್ ಆರಿಸಿ, ದೊಡ್ಡ ಟಿವಿಯಲ್ಲಿ ಹಾಕಿ ನೋಡಿ. ಮೊಬೈಲ್‌ನಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಹೊಗೆಯ ಪಟ್ಟಿಗೆ ನನ್ನ ಮದ್ದು ಎರಡು. ಎನ್‌ಕೋಡರ್ ಪಟ್ಟಿಯಲ್ಲಿ ಎಕ್ಸ್265 10-ಬಿಟ್ ಆರಿಸಿ, ಅದು ಬಣ್ಣದ ಛಾಯೆಗಳನ್ನು 8-ಬಿಟ್‌ಗಿಂತ ಸಣ್ಣ ಸಣ್ಣ ಮೆಟ್ಟಿಲಾಗಿ ಲೆಕ್ಕ ಹಾಕುತ್ತದೆ. ಕ್ಯಾಮೆರಾದ ಫೈಲ್ 8-ಬಿಟ್ ಆಗಿದ್ದರೂ ಇದರಿಂದ ಪ್ರಯೋಜನ ಇದೆ. ಜೊತೆಗೆ ಹೆಚ್ಚುವರಿ ಆಯ್ಕೆಗಳ ಜಾಗದಲ್ಲಿ ಎಕ್ಯೂ-ಮೋಡ್ 3 ಅಂತ ಕೊಡಿ. ಅದು ಕತ್ತಲ ಭಾಗಗಳಿಗೆ ಸ್ವಲ್ಪ ಹೆಚ್ಚು ಬಿಟ್ ಕೊಡುತ್ತದೆ. ಉಳಿದ ಹತ್ತಾರು ಆಯ್ಕೆಗಳನ್ನು ಮುಟ್ಟುವ ಅಗತ್ಯ ನನಗೆ ಕಂಡಿಲ್ಲ.

ಆಡಿಯೋದಲ್ಲಿ ಮಾತ್ರ ಜಿಪುಣತನ ಬೇಡ. 256 ಕೆಬಿಪಿಎಸ್ ಎಎಸಿ ಕೊಟ್ಟರೂ ಎಂಟು ಗಂಟೆಗೆ ಒಂದು ಜಿಬಿ ಆಗುವುದಿಲ್ಲ. ಬಿಟ್‌ರೇಟ್ ಕಡಿಮೆಯಾದರೆ ಚಂಡೆಯ ಪೆಟ್ಟಿನ ಮೊನಚು ಹೋಗುತ್ತದೆ, ಪೆಟ್ಟಿಗೆ ಮುಂಚೆಯೇ ಒಂದು ಥರ ‘ಛಸ್’ ಅನ್ನುವ ಸದ್ದು ಕೇಳುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ಜನ ಆಟ ನೋಡುತ್ತಾರೆ, ಹಿಮ್ಮೇಳ ಹಾಳಾದರೆ ನೋಡುವುದಿಲ್ಲ.

ಸ್ಟ್ರೀಮಿಂಗ್ ಕೆಲಸದಲ್ಲಿರುವವರು (ಬೆಂಗಳೂರು):
ಸಮಯದ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎಂಟು ಗಂಟೆ, ಸೆಕೆಂಡಿಗೆ 25 ಫ್ರೇಮ್ ಅಂದರೆ 7,20,000 ಫ್ರೇಮ್. ನಿಮ್ಮ ಟೆಸ್ಟ್ ತುಣುಕು ಓಡುವಾಗ ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ಹ್ಯಾಂಡ್‌ಬ್ರೇಕ್ ಕೆಳಗೆ ತೋರಿಸುತ್ತದೆ. 5 ಅಂತ ಬಂದರೆ ಇಡೀ ಆಟಕ್ಕೆ 40 ಗಂಟೆ. 10 ಬಂದರೆ 20 ಗಂಟೆ. ಎನ್‌ವೆಂಕ್‌ನಲ್ಲಿ 75 ಬಂದರೆ ಎರಡು ಗಂಟೆ ನಲವತ್ತು ನಿಮಿಷ. ಪ್ರಿಸೆಟ್ ಆರಿಸಬೇಕಾದದ್ದು ಈ ಲೆಕ್ಕ ನೋಡಿ. ವರ್ಷಕ್ಕೆ ಕೆಲವೇ ಆಟ ಆದರೆ 40 ಗಂಟೆ ಓಡಲಿ ಬಿಡಿ, ಏನಂತೆ. ಸೀಸನ್‌ನಲ್ಲಿ ದಿನಕ್ಕೊಂದು ಆಟ ಬರುವವರಿಗೆ ಅದು ಆಗದ ಮಾತು.

ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾಡಿದರೆ ಗುಣಮಟ್ಟ ಕೆಟ್ಟದು ಅಂತ ಹಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಬಿಟ್ ಧಾರಾಳವಾಗಿ ಕೊಟ್ಟರೆ ಚೆನ್ನಾಗಿಯೇ ಬರುತ್ತದೆ. ಅಷ್ಟೇ ಗುಣಮಟ್ಟಕ್ಕೆ ಎಕ್ಸ್265 ‘ಸ್ಲೋ’ಗಿಂತ ಫೈಲ್ ದೊಡ್ಡದಾಗುತ್ತದೆ, ಅಷ್ಟೇ.

ಎವಿ1 ಬಗ್ಗೆ: ನಿಮ್ಮ 3060 ಎವಿ1 ಓಡಿಸಿ ತೋರಿಸಬಲ್ಲದು, ಎನ್‌ಕೋಡ್ ಮಾಡಲಾರದು. ಅದು ಬಂದದ್ದು 2022ರ 40 ಸರಣಿಯಲ್ಲಿ. ಪ್ರೊಸೆಸರ್‌ನಲ್ಲಿ ಎಸ್‌ವಿಟಿ-ಎವಿ1 ಓಡಿಸಬಹುದು. ಅದರ ಸಿಆರ್‌ಎಫ್ ಅಳತೆಯೇ ಬೇರೆ, ಹಾಗಾಗಿ ಎಕ್ಸ್265ರ ನಂಬರ್ ಅಲ್ಲಿ ತಂದು ಹಾಕಬೇಡಿ. ಅದರಲ್ಲಿ ನನಗೆ ಇಷ್ಟವಾದದ್ದು ಫಿಲ್ಮ್ ಗ್ರೇನ್ ಅನ್ನುವ ಸೌಲಭ್ಯ. ನಾಯ್ಸ್ ತೆಗೆದು ಎನ್‌ಕೋಡ್ ಮಾಡುತ್ತದೆ, ನೋಡುವಾಗ ಅದೇ ಥರದ ನಾಯ್ಸ್ ಮತ್ತೆ ಸೇರಿಸುತ್ತದೆ. ಆದರೆ ಚಿಟ್ಟಿಯಂಥ ಸೂಕ್ಷ್ಮ ವಿವರಕ್ಕೆ ಅಲ್ಲೂ ಪೆಟ್ಟು ಬೀಳಬಹುದು. ಹಳೆ ಟಿವಿಗಳಲ್ಲಿ ಎವಿ1 ಓಡುವುದಿಲ್ಲ. ಸಂಘದ ಸಂಗ್ರಹಕ್ಕೆ ಸದ್ಯ ಎಕ್ಸ್265 ಸಾಕು ಅನ್ನುವುದು ನನ್ನ ಅಭಿಪ್ರಾಯ.

ಯಾರಾದರೂ ವಿಮ್ಯಾಫ್ ಸ್ಕೋರ್ ನೋಡಿ ನಿರ್ಧಾರ ಮಾಡಿ ಅಂದರೆ ಸ್ವಲ್ಪ ನಿಲ್ಲಿ. ಅದು ನೆಟ್‌ಫ್ಲಿಕ್ಸ್‌ನವರು ಮಾಡಿದ ಒಳ್ಳೆ ಅಳತೆ, ನಾವು ದಿನಾ ಬಳಸುತ್ತೇವೆ. ಆದರೆ ಮಂಗಳೂರಿನವರು ಹೇಳಿದ ಆ ಹೊಗೆಯ ಪಟ್ಟಿ ಇದೆಯಲ್ಲ, ಅದನ್ನು ವಿಮ್ಯಾಫ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ಅವರು ಕ್ಯಾಂಬಿ ಅಂತ ಬೇರೊಂದು ಅಳತೆ ಮಾಡಿದರು. ನಿಮ್ಮ ಕೆಲಸಕ್ಕೆ ಕಣ್ಣೇ ಸಾಕು.

ಶಿರಸಿಯಿಂದ ಒಬ್ಬರು:
ಒಂದೇ ಮಾತು. 40 ಗಂಟೆ ಓಡುವ ಎನ್‌ಕೋಡ್‌ಗೆ ಎಂಪಿ4 ಇಡಬೇಡಿ, ಎಂಕೆವಿ ಇಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಎಂಪಿ4ನ ಸೂಚಿ ಬರೆಯುವುದು ಸಾಮಾನ್ಯವಾಗಿ ಕೊನೆಗೆ. ನಡುವೆ ನಿಂತರೆ ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿವರೆಗಿನದ್ದು ಉಳಿಯುತ್ತದೆ. ಆಮೇಲೆ ಎಂಪಿ4 ಬೇಕಿದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾಪಿ ಮೋಡ್ ಕೊಟ್ಟು ಬದಲಿಸಿ. ಮತ್ತೆ ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟವೂ ಇಳಿಯುವುದಿಲ್ಲ. ಆಟವನ್ನು ಎರಡೆರಡು ಗಂಟೆಯ ತುಂಡು ಮಾಡಿ ಸಾಲಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಬಣ್ಣದ ವೇಷದ ಪ್ರವೇಶದ ತುಣುಕಿನಲ್ಲೇ ನೋಡಿದೆ. 24ರಲ್ಲಿ ಹೊಗೆ ಒಡೆಯುತ್ತದೆ, 22ರಲ್ಲಿ 10-ಬಿಟ್ ಹಾಕಿದರೆ ಚೆನ್ನಾಗಿದೆ. ಇನ್ನೆರಡು ಪ್ರಶ್ನೆ. ಪೆನ್ ಡ್ರೈವ್‌ಗೆ ಅದೇ ಫೈಲ್ ಹಾಕಿ ನೋಡಿದರೆ ಮನೆಯ ಹಳೆ ಟಿವಿಯಲ್ಲಿ ಸದ್ದು ಬರುತ್ತದೆ, ಚಿತ್ರ ಇಲ್ಲ. ಮತ್ತೆ ಸಂಘದಲ್ಲಿ ಹಳೆ ಮಿನಿಡಿವಿ ಕ್ಯಾಸೆಟ್‌ಗಳಿಂದ ಇಳಿಸಿಟ್ಟ ಫೈಲುಗಳಿವೆ. ಅವಕ್ಕೂ ಇದೇ ಸೆಟ್ಟಿಂಗ್ ಆಗುತ್ತದೆಯೇ?

ಹಳೆ ಕ್ಯಾಸೆಟ್ ಇಳಿಸುವವರು (ಮೈಸೂರು):
ಆಗುವುದಿಲ್ಲ ಸರ್. ಅವು 720×576, ಇಂಟರ್‌ಲೇಸ್ ಆದ ಚಿತ್ರ, ಅಂದರೆ ಒಂದೊಂದು ಫ್ರೇಮಿನಲ್ಲೂ ಎರಡು ಕ್ಷಣದ ಚಿತ್ರಗಳು ಗೆರೆ ಬಿಟ್ಟು ಗೆರೆ ಹೆಣೆದಿರುತ್ತವೆ. ಹಾಗೇ ಎನ್‌ಕೋಡ್ ಮಾಡಿದರೆ ಕುಣಿತದಲ್ಲಿ ಕೈಕಾಲು ಬಾಚಣಿಗೆ ಹಲ್ಲಿನಂತೆ ಸೀಳಿಕೊಂಡು ಕಾಣುತ್ತವೆ. ಆ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಆರಿಸಿ, ‘ಬಾಬ್’ ಕೊಟ್ಟು ಸೆಕೆಂಡಿಗೆ 50 ಫ್ರೇಮ್ ಮಾಡಿ. 25ಕ್ಕೆ ಇಳಿಸಿದರೆ ಕಣ್ಣಿಗೆ ಕಾಣುವ ಚಲನೆಯಲ್ಲಿ ಅರ್ಧ ಹೋಗುತ್ತದೆ, ಗಿರಕಿ ಹೊಡೆಯುವಾಗ ಗೊತ್ತಾಗುತ್ತದೆ. ದೊಡ್ಡದು ಮಾಡಲು ಹೋಗಬೇಡಿ. ಎಕ್ಸ್264, ಸಿಆರ್‌ಎಫ್ 18, ‘ಸ್ಲೋ’ ಸಾಕು. ಆದರೆ ಮೂಲ ಡಿವಿ ಫೈಲನ್ನು ಅಳಿಸಬೇಡಿ. ಗಂಟೆಗೆ ಸುಮಾರು 13 ಜಿಬಿ ಅಷ್ಟೇ, ಇವತ್ತಿನ ಲೆಕ್ಕಕ್ಕೆ ಅದು ಹೊರೆಯಲ್ಲ. ಆ ಕ್ಯಾಸೆಟ್ ಓಡಿಸುವ ಕ್ಯಾಮೆರಾ ಮಾತ್ರ ಈಗ ಸುಲಭಕ್ಕೆ ಸಿಗುವುದಿಲ್ಲ.

ಮದುವೆ ವಿಡಿಯೋ ಎಡಿಟರ್ (ಶಿವಮೊಗ್ಗ):
ಪೆನ್ ಡ್ರೈವ್‌ಗೆ 1080ಪಿ, ಎಕ್ಸ್264, 8-ಬಿಟ್, ಎಂಪಿ4 ಮಾಡಿ ಕೊಡಿ. ಹಳೆ ಟಿವಿಗಳಿಗೆ ಎಚ್‌ಇವಿಸಿ (ಎಕ್ಸ್265 ತಯಾರಿಸುವ ಫಾರ್ಮ್ಯಾಟ್) 10-ಬಿಟ್ ಗೊತ್ತಿರುವುದಿಲ್ಲ, ಅದಕ್ಕೇ ಚಿತ್ರ ಬಂದಿಲ್ಲ. ಹಲವು ಟಿವಿಗಳಿಗೆ ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಬೇಕು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಇಲ್ಲಿ ಮಾತ್ರ ಸಿಆರ್‌ಎಫ್ ಬಿಟ್ಟು ಬಿಟ್‌ರೇಟ್ ಹಿಡಿಯಿರಿ, ಏಕೆಂದರೆ ಸೈಜ್ ಮೊದಲೇ ಗೊತ್ತಿರಬೇಕು. ಎರಡು ಗಂಟೆಯ ತುಂಡು, ಚಿತ್ರಕ್ಕೆ 4 ಎಂಬಿಪಿಎಸ್, ಸದ್ದಿಗೆ 192 ಕೆಬಿಪಿಎಸ್, ಮಲ್ಟಿ-ಪಾಸ್ (ಮೊದಲೊಮ್ಮೆ ಪೂರ್ತಿ ನೋಡಿ, ಆಮೇಲೆ ಎನ್‌ಕೋಡ್ ಮಾಡುವುದು). ಒಂದು ತುಂಡಿಗೆ ಸುಮಾರು 3.8 ಜಿಬಿ ಬರುತ್ತದೆ. ನಾಲ್ಕು ತುಂಡು 32 ಜಿಬಿ ಪೆನ್ ಡ್ರೈವ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ಇದನ್ನು ಕ್ಯಾಮೆರಾದ ಮೂಲ ಫೈಲಿನಿಂದಲೇ ಮಾಡಿ, ಎಕ್ಸ್265 ಪ್ರತಿಯಿಂದ ಬೇಡ.

ಮೂಲ 360 ಜಿಬಿ ಅಳಿಸುವ ಮುಂಚೆ ಹೊಸ ಫೈಲಿನ ಒಟ್ಟು ಅವಧಿ ಮೂಲದ ಅವಧಿಗೆ ಸರಿಹೊಂದುತ್ತದೆಯೇ ನೋಡಿ. ಶುರು, ನಡು, ಕೊನೆ ಮೂರೂ ಕಡೆ ಓಡಿಸಿ, ಚಂಡೆಯ ಪೆಟ್ಟಿಗೂ ಕೋಲು ಬೀಳುವುದಕ್ಕೂ ತಾಳೆ ಇದೆಯೇ ಗಮನಿಸಿ. ಇನ್ನೊಂದು ಡಿಸ್ಕ್‌ಗೆ ಒಂದು ಪ್ರತಿ ಹಾಕಿ. ಆಮೇಲೆ ಅಳಿಸಿ.

ಆಟದ ರೆಕಾರ್ಡಿಂಗ್ ಮಾಡುವವರು (ಮಂಗಳೂರು):
ಹಿರಿಯ ಕಲಾವಿದರ ವೇಷ ಇರುವ ಭಾಗವನ್ನಾದರೂ ಮೂಲದಲ್ಲೇ ಉಳಿಸಿಕೊಳ್ಳಿ. ಲಾಸ್‌ಲೆಸ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಭಾಗವನ್ನಷ್ಟೇ ಎನ್‌ಕೋಡ್ ಮಾಡದೆ ಕತ್ತರಿಸಿ ತೆಗೆಯಬಹುದು. ನಿಮ್ಮ ಕ್ಯಾಮೆರಾದ 100 ಎಂಬಿಪಿಎಸ್‌ನಲ್ಲಿ ಅರ್ಧ ಗಂಟೆಗೆ 22.5 ಜಿಬಿ, ಅಷ್ಟು ಜಾಗ ಮಾಡಿಕೊಳ್ಳಬಹುದು.