ಎಕ್ಸೆಲ್ ಯೂಸರ್‌ಫಾರ್ಮ್‌ನ ಟೆಕ್ಸ್ಟ್‌ಬಾಕ್ಸ್‌ಗೆ ಸ್ಪೆಲ್ ಚೆಕ್ ಹಾಕೋದು ಹೇಗೆ?

ಪ್ರಶ್ನೆ: ಹೇಮಾವತಿ_ದಂಡೆ (ಹಾಸನ)

ನಮಸ್ಕಾರ. ಕಾಫಿ ತೋಟಗಳ ಭೇಟಿ ವರದಿ ತುಂಬೋಕೆ ಎಕ್ಸೆಲ್ 2016ರಲ್ಲಿ ಒಂದು ಯೂಸರ್‌ಫಾರ್ಮ್ (ವಿವರ ತುಂಬೋ ಕಿಟಕಿ) ಇದೆ. ಬೆಳೆಗಾರರ ಹೆಸರು, ತಾಲೂಕು, ಷರಾ ಅಂತ ಮೂರು ಟೆಕ್ಸ್ಟ್‌ಬಾಕ್ಸ್. ಷರಾ ಹೆಚ್ಚಾಗಿ ಇಂಗ್ಲಿಷ್, ನಡುನಡುವೆ ಕನ್ನಡ. ಶೀಟ್‌ನಲ್ಲಿ ಎಫ್7 ಒತ್ತಿದರೆ ತಪ್ಪು ಹಿಡಿಯುತ್ತೆ, ಫಾರ್ಮ್ ಒಳಗೆ ಏನೂ ಆಗಲ್ಲ. ಕೆಂಪು ಗೆರೆಯೂ ಇಲ್ಲ, ಆಟೋಕರೆಕ್ಟೂ ಇಲ್ಲ. ಬೆರ್ರಿ ಬೋರರ್ (ಕಾಫಿ ಹಣ್ಣು ಕೊರೆಯೋ ಕೀಟ) ಅನ್ನೋದನ್ನೇ ನಾಲ್ಕು ಥರ ಬರೆದಿರೋದ್ರಿಂದ ಫಿಲ್ಟರ್ ಹಾಕಿದಾಗ ಅರ್ಧ ಸಾಲು ಸಿಗೋದೇ ಇಲ್ಲ. ‘ಉಳಿಸಿ’ ಬಟನ್ ಒತ್ತುವಾಗಲೇ ತಪ್ಪು ತೋರಿಸೋ ಹಾಗೆ ಮಾಡಬಹುದಾ?

ಉತ್ತರ 1: ಗಿರಿಸಾಲು (ಚಿಕ್ಕಮಗಳೂರು)

ಮಾಡಬಹುದು ಸರ್. ಯೂಸರ್‌ಫಾರ್ಮ್‌ನ ಟೆಕ್ಸ್ಟ್‌ಬಾಕ್ಸ್‌ಗೆ ಸ್ವಂತ ಸ್ಪೆಲ್ ಚೆಕ್ ಇಲ್ಲ. ಇರೋದು ಸೆಲ್‌ಗೆ. ಹಾಗಾಗಿ ಪಠ್ಯವನ್ನ ಒಂದು ಸೆಲ್‌ಗೆ ಹಾಕಿ, ಅಲ್ಲಿ ತಿದ್ದಿಸಿ, ವಾಪಸ್ ತರಬೇಕು. (ಕಮಾಂಡ್ ಹೆಸರುಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲಿ ಬರೀತಿದ್ದೀನಿ, ಎಕ್ಸೆಲ್‌ಗೆ ಕೋಡ್ ಬರೆಯೋ ವಿಬಿಎ ಎಡಿಟರ್‌ನಲ್ಲಿ ಇಂಗ್ಲಿಷಲ್ಲೇ ಟೈಪ್ ಮಾಡಿ.)

ಬೇರೇನೂ ಇಲ್ಲದ ಒಂದು ಹೊಸ ಶೀಟ್ ಇಟ್ಟುಕೊಳ್ಳಿ. ಒಂದೇ ಸೆಲ್ ಆರಿಸಿ ಸ್ಪೆಲ್ ಚೆಕ್ ಓಡಿಸಿದರೆ ಎಕ್ಸೆಲ್ ಇಡೀ ಶೀಟನ್ನೇ ಜಾಲಾಡುತ್ತೆ, ಡೇಟಾ ಇರೋ ಶೀಟಾದರೆ ಹಳೇ ಸಾಲುಗಳ ತಪ್ಪೆಲ್ಲ ಎದುರಿಗೆ ಬರುತ್ತೆ. ಆ ಶೀಟ್‌ಗೆ ಪ್ರೊಟೆಕ್ಷನ್ ಹಾಕಬೇಡಿ, ಹಾಕಿದರೆ ಸ್ಪೆಲಿಂಗ್ ಕೆಲಸ ಮಾಡಲ್ಲ. ಮೊದಲ ಸೆಲ್‌ನ ಫಾರ್ಮ್ಯಾಟ್ ‘ಟೆಕ್ಸ್ಟ್’ ಇರಲಿ. ಇಲ್ಲದಿದ್ದರೆ ಯಾರಾದರೂ ಷರಾವನ್ನ ಸಮಚಿಹ್ನೆಯಿಂದ ಶುರುಮಾಡಿದರೆ ಎಕ್ಸೆಲ್ ಅದನ್ನ ಸೂತ್ರ ಅಂದುಕೊಂಡು 1004 ಎರರ್ ಕೊಡುತ್ತೆ. ಬರೀ 3-4 ಅಂತ ಬರೆದಿದ್ದರೆ ತಾರೀಖು ಆಗಿಬಿಡುತ್ತೆ.

ಇನ್ನು ‘ಉಳಿಸಿ’ ಬಟನ್‌ನ ಕ್ಲಿಕ್‌ನಲ್ಲಿ: ಟೆಕ್ಸ್ಟ್‌ಬಾಕ್ಸ್‌ನ ಪಠ್ಯವನ್ನ ಒಂದು ವೇರಿಯಬಲ್‌ನಲ್ಲಿ ತೆಗೆದಿಡಿ. ಅದರಲ್ಲಿ 13 ಮತ್ತು 10 ಅನ್ನೋ ಅಕ್ಷರ ಸಂಖ್ಯೆಗಳು ಜೋಡಿಯಾಗಿ ಬರೋ ಸಾಲು ಮುರಿತವನ್ನ ಬರೀ 10 ಮಾಡಿ, ಯಾಕೆಂದರೆ ಸೆಲ್ ಒಳಗಿನ ಸಾಲು ಮುರಿತ 10 ಮಾತ್ರ. ಸೆಲ್‌ಗೆ ಹಾಕಿ, ಡಿಸ್ಪ್ಲೇಅಲರ್ಟ್ಸ್ ಫಾಲ್ಸ್ ಮಾಡಿ, ಆ ರೇಂಜ್ ಮೇಲೆ ಚೆಕ್‌ಸ್ಪೆಲಿಂಗ್ ಕರೆಯಿರಿ. ಅದು ಮುಗಿದ ಮೇಲೆ ಸೆಲ್‌ನಲ್ಲಿರೋದನ್ನ ಟೆಕ್ಸ್ಟ್‌ಬಾಕ್ಸ್‌ಗೆ ಹಾಕಿ, ಸೆಲ್ ಖಾಲಿ ಮಾಡಿ, ಡಿಸ್ಪ್ಲೇಅಲರ್ಟ್ಸ್ ಮತ್ತೆ ಟ್ರೂ ಮಾಡಿ. ಅಲರ್ಟ್ ಆಫ್ ಮಾಡದಿದ್ದರೆ ಪ್ರತಿ ಸಲವೂ ‘ಪರೀಕ್ಷೆ ಮುಗಿಯಿತು’ ಅನ್ನೋ ಪೆಟ್ಟಿಗೆ ಬಂದು ಕೂರುತ್ತೆ.

ಇದನ್ನ ಟೆಕ್ಸ್ಟ್‌ಬಾಕ್ಸ್‌ನ ಎಕ್ಸಿಟ್ ಈವೆಂಟ್‌ಗೆ (ಬಾಕ್ಸ್ ಬಿಟ್ಟು ಹೋಗುವಾಗ ನಡೆಯೋದು) ಕಟ್ಟಬೇಡಿ. ಟ್ಯಾಬ್ ಒತ್ತಿದಾಗೆಲ್ಲ ಅಡ್ಡ ಬರುತ್ತೆ. ಅದೂ ಅಲ್ಲದೆ, ಫಾರ್ಮನ್ನ ಮೂಲೆಯ ಗುರುತಿನಿಂದ ಮುಚ್ಚಿದರೆ ಆ ಈವೆಂಟ್ ನಡೆಯೋದೇ ಇಲ್ಲ. ಫ್ರೇಮ್ ಒಳಗಿನ ಬಾಕ್ಸ್‌ನಿಂದ ಫ್ರೇಮ್ ಹೊರಗಿನದಕ್ಕೆ ಹೋದಾಗಲೂ ಕೈಕೊಡುತ್ತೆ.

ಉತ್ತರ 2: ಮಣಿನಾಗಪುರ (ಹಾಸನ)

ಗಿರಿಸಾಲು ಅವರು ಹೇಳಿದ ದಾರಿ ಸರಿ. ಆದರೆ ಕ್ಯಾಪ್ಸ್ ಲಾಕ್ ಹಾಕಿಕೊಂಡೇ ಟೈಪ್ ಮಾಡೋರು ಇದ್ದರೆ ಒಂದು ತಪ್ಪೂ ಸಿಗಲ್ಲ. ಪೂರ್ತಿ ದೊಡ್ಡಕ್ಷರದ ಪದಗಳನ್ನ ಬಿಟ್ಟುಬಿಡೋ ಸೆಟ್ಟಿಂಗ್ ಎಕ್ಸೆಲ್‌ನಲ್ಲಿ ಮೊದಲಿಂದಲೇ ಆನ್ ಇರುತ್ತೆ. ಸ್ಪೆಲಿಂಗ್‌ಆಪ್ಷನ್ಸ್‌ನಲ್ಲಿ ಇಗ್ನೋರ್‌ಕ್ಯಾಪ್ಸ್ ಫಾಲ್ಸ್ ಮಾಡಿ ಓಡಿಸಿ, ಮುಗಿದ ಮೇಲೆ ಮೊದಲಿದ್ದ ಸೆಟ್ಟಿಂಗ್‌ಗೇ ತನ್ನಿ, ಯಾಕೆಂದರೆ ಅದು ಆ ಕಂಪ್ಯೂಟರಿನ ಎಲ್ಲ ಫೈಲ್‌ಗೂ ಅನ್ವಯಿಸುತ್ತೆ. ಅಲ್ಲೇ ಡಿಕ್ಟ್‌ಲ್ಯಾಂಗ್‌ಗೆ (ನಿಘಂಟಿನ ಭಾಷೆ) 2057 ಕೊಟ್ಟರೆ ಬ್ರಿಟಿಷ್ ಕಾಗುಣಿತ ಹಿಡಿಯುತ್ತೆ. ಅಂಕಿ ಸೇರಿದ ಪದಗಳನ್ನೂ ಬಿಡೋ ಆಯ್ಕೆ ಆನ್ ಇರುತ್ತೆ. ಅದನ್ನ ಹಾಗೇ ಬಿಡಿ, ಎಸ್795 ಥರದ ತಳಿ ಹೆಸರಿಗೆ ಅದೇ ಬೇಕು.

ಮರಗಸಿ, ಗಿಡಗಸಿ (ನೆರಳುಮರದ, ಕಾಫಿಗಿಡದ ರೆಂಬೆ ಸವರೋದು) ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದಗಳನ್ನ ಕಸ್ಟಮ್ ಡಿಕ್ಷನರಿ ಫೈಲ್‌ಗೆ ಸೇರಿಸಿ. ಆ್ಯಪ್‌ಡೇಟಾ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ಯುಪ್ರೂಫ್ ಫೋಲ್ಡರ್‌ನಲ್ಲಿ ಇರುತ್ತೆ. ಒಂದು ಸಾಲಿಗೆ ಒಂದೇ ಪದ. ನೋಟ್‌ಪ್ಯಾಡ್‌ನಲ್ಲಿ ತೆರೆದು ಉಳಿಸೋವಾಗ ಎನ್‌ಕೋಡಿಂಗ್ ಯುಟಿಎಫ್-16 ಎಲ್‌ಇ ಇರಲಿ.

ತಾಲೂಕಿಗೆ ಸ್ಪೆಲ್ ಚೆಕ್ ಬೇಡವೇ ಬೇಡ. ಅರಕಲಗೂಡನ್ನ ಮೂರು ಥರ ಬರೆಯೋಕೆ ಬಿಟ್ಟು ಆಮೇಲೆ ತಿದ್ದೋದು ಯಾಕೆ? ಹಾಸನ ಜಿಲ್ಲೆಯಲ್ಲಿ ಇರೋದೇ 8 ತಾಲೂಕು. ಕಾಂಬೋಬಾಕ್ಸ್ ಇಟ್ಟು ಅದರ ಸ್ಟೈಲ್ 2 ಮಾಡಿ, ಪಟ್ಟಿಯಿಂದ ಆರಿಸೋದು ಬಿಟ್ಟರೆ ಟೈಪ್ ಮಾಡೋಕೇ ಆಗಲ್ಲ.

ಹೇಮಾವತಿ_ದಂಡೆ

ಇಬ್ಬರಿಗೂ ಧನ್ಯವಾದ. ಇಂಗ್ಲಿಷ್ ಷರಾ ಈಗ ಸರಿಯಾಗಿ ಬರ್ತಿದೆ, ತಾಲೂಕೂ ಪಟ್ಟಿಗೆ ಹೋಯ್ತು. ಕನ್ನಡ ಪದಗಳಿಗೆ ಏನು ಮಾಡಲಿ? ನಮ್ಮಲ್ಲಿ ಕನ್ನಡ ಪ್ರೂಫಿಂಗ್ ಟೂಲ್ (ಕಾಗುಣಿತ ನೋಡೋ ಸೇರ್ಪಡೆ) ಹಾಕಿಲ್ಲ. ಕೋಡ್‌ನಲ್ಲೇ ಪದಪಟ್ಟಿ ಬರೆಯೋಣ ಅಂದರೆ ಎಡಿಟರ್‌ನಲ್ಲಿ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. ಮೆಸೇಜ್‌ಬಾಕ್ಸ್‌ನಲ್ಲೂ ಅಷ್ಟೇ.

ಉತ್ತರ 3: ಗಿರಿಸಾಲು

ವಿಬಿಎ ಎಡಿಟರೂ ಮೆಸೇಜ್‌ಬಾಕ್ಸೂ ಯೂನಿಕೋಡ್ (ಎಲ್ಲ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಪದ್ಧತಿ) ಅಲ್ಲ, ಅದಕ್ಕೇ ಹಾಗೆ. ಟೆಕ್ಸ್ಟ್‌ಬಾಕ್ಸ್, ಲೇಬಲ್, ಸೆಲ್ ಮೂರಕ್ಕೂ ಕನ್ನಡ ಬರುತ್ತೆ. ಹಾಗಾಗಿ ಪದಪಟ್ಟಿ ಶೀಟ್‌ನಲ್ಲಿರಲಿ, ಸೂಚನೆ ಫಾರ್ಮ್‌ನ ಲೇಬಲ್‌ನಲ್ಲಿ ಬರಲಿ. ಲೇಬಲ್‌ಗೆ ನಿರ್ಮಲಾ ಯುಐ ಫಾಂಟ್ ಕೊಡಿ.

ಷರಾವನ್ನ ಪದಪದವಾಗಿ ಒಡೆಯಿರಿ. ಪ್ರತಿ ಪದದ ಮೊದಲ ಅಕ್ಷರಕ್ಕೆ, ಅದರ ಯೂನಿಕೋಡ್ ಸಂಖ್ಯೆ ಹೇಳೋ ಎಎಸ್‌ಸಿ-ಡಬ್ಲ್ಯೂ ಫಂಕ್ಷನ್ ಹಾಕಿದಾಗ 3200ರಿಂದ 3327ರೊಳಗೆ ಬಂದರೆ ಅದು ಕನ್ನಡ. ಅದನ್ನ ಎಕ್ಸೆಲ್‌ನ ಸ್ಪೆಲ್ ಚೆಕ್‌ಗೆ ಕಳಿಸಬೇಡಿ, ನಿಮ್ಮ ಪಟ್ಟಿಗೆ ಹೋಲಿಸಿ. ಫಾರ್ಮ್ ತೆರೆಯುವಾಗ ಪಟ್ಟಿಯನ್ನ ಒಮ್ಮೆ ಸ್ಕ್ರಿಪ್ಟಿಂಗ್ ಡಿಕ್ಷನರಿಗೆ (ಕೋಡ್ ಒಳಗಿನ ಹುಡುಕುಪಟ್ಟಿ) ತುಂಬಿಕೊಂಡರೆ ಹುಡುಕಾಟ ಬೇಗ ಆಗುತ್ತೆ.

ಹೋಲಿಸೋ ಮೊದಲು ಪದ ತೊಳೆಯಬೇಕು, ಅಂದರೆ ಒಂದೇ ಥರ ಕಾಣೋದನ್ನ ಒಳಗೂ ಒಂದೇ ಸಂಖ್ಯೆಗೆ ತರಬೇಕು. ಇದನ್ನ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ‘ಕಾಂಡಕೊರಕ’ ಮತ್ತು ‘ಕಾ೦ಡಕೊರಕ’ ಎರಡನ್ನೂ ನೋಡಿ. ಕಣ್ಣಿಗೆ ಒಂದೇ. ಮೊದಲನೆಯದರಲ್ಲಿ ಇರೋದು ಅನುಸ್ವಾರ, ಸಂಖ್ಯೆ 3202. ಎರಡನೆಯದರಲ್ಲಿ ಕನ್ನಡದ ಸೊನ್ನೆ, 3302. ಫಿಲ್ಟರ್‌ಗೆ ಅವೆರಡು ಬೇರೆ ಬೇರೆ ಪದ. 3302ರ ಹಿಂದಿನದು ಕನ್ನಡ ಅಂಕಿಯಾಗಿರದೆ (3302ರಿಂದ 3311) ಕನ್ನಡ ಅಕ್ಷರವೇ ಆಗಿದ್ದರೆ ಅದನ್ನ 3202 ಮಾಡಿ. ಈ ಷರತ್ತು ಇಲ್ಲದಿದ್ದರೆ ‘೧೦’ ಕೂಡ ಕೆಡುತ್ತೆ. ಈ ತಿದ್ದುಪಡಿಯನ್ನ ಉಳಿಸೋ ಪಠ್ಯದಲ್ಲೇ ಮಾಡಿ. ಒತ್ವ ಕೆಲವೊಮ್ಮೆ 3274 ಅನ್ನೋ ಒಂದೇ ಗುರುತಾಗಿ, ಕೆಲವೊಮ್ಮೆ 3270 ಮತ್ತು 3266 ಅಂತ ಎರಡಾಗಿ ಬರುತ್ತೆ. ಅದನ್ನೂ ಒಂದೇ ಮಾಡಿ. ಕಾಣದ ಅಕ್ಷರಗಳಾದ 8204, 8205 ಮಾತ್ರ ಹೋಲಿಕೆಗೆ ತೆಗೆದುಕೊಳ್ಳೋ ಪ್ರತಿಯಿಂದ ತೆಗೆಯಿರಿ. ಮೂಲದಿಂದ ತೆಗೆದರೆ ‘ಎಸ್ಟೇಟ್‌ನಲ್ಲಿ’ ಹೋಗಿ ‘ಎಸ್ಟೇಟ್ನಲ್ಲಿ’ ಆಗುತ್ತೆ. ಪಟ್ಟಿಯ ಪದಗಳನ್ನೂ ಇದೇ ರೀತಿ ತೊಳೆದೇ ತುಂಬಿ.

ಆಮೇಲೆ ವಿಭಕ್ತಿ. ಪಟ್ಟಿಯಲ್ಲಿ ‘ತೋಟ’ ಇದ್ದರೂ ‘ತೋಟದಲ್ಲಿ’ ಸಿಗಲ್ಲ. ಇನ್ನೊಂದು ಶೀಟ್‌ನಲ್ಲಿ ಎರಡು ಕಾಲಂ ಮಾಡಿ: ಕತ್ತರಿಸೋದು, ಸೇರಿಸೋದು. ದಲ್ಲಿ, ದಿಂದ, ವನ್ನು, ಕ್ಕೆ, ಗಳನ್ನು, ಯಲ್ಲಿ, ಯನ್ನು ಇವಕ್ಕೆ ಎರಡನೇ ಕಾಲಂ ಖಾಲಿ. ‘ಬೇರು’ ಥರದ ಉಕಾರದ ಪದ ಹಾಗಲ್ಲ, ‘ಬೇರಿನಲ್ಲಿ’ ಆಗುವಾಗ ಕೊಂಬು ಬಿದ್ದು ಗುಡಿಸು ಬರುತ್ತೆ. ಅಲ್ಲಿ ಗುಡಿಸು ಸಮೇತ ‘ಇನಲ್ಲಿ’ ಕತ್ತರಿಸಿ ಕೊಂಬು ಸೇರಿಸಬೇಕು. ಬರೀ ಗುಡಿಸನ್ನ ಕೀಬೋರ್ಡ್‌ನಿಂದ ಹೊಡೆಯೋದು ಕಷ್ಟ, ಯೂನಿಚಾರ್ ಫಂಕ್ಷನ್‌ಗೆ 3263 ಕೊಡಿ, ಕೊಂಬಿಗೆ 3265. ಸೆಲ್‌ನಲ್ಲಿ ಚುಕ್ಕಿಯ ವೃತ್ತದ ಜೊತೆ ಕಂಡರೆ ಗಾಬರಿ ಬೇಡ. ಉದ್ದದ ಪ್ರತ್ಯಯ ಮೇಲೆ, ಗಿಡ್ಡದ್ದು ಕೆಳಗೆ ಇರಲಿ, ಆಗ ‘ಗಳನ್ನು’ ಮೊದಲೇ ಸಿಗುತ್ತೆ.

ಉತ್ತರ 4: ಮಣಿನಾಗಪುರ

ಇದಕ್ಕೆ ಒಂದು ಸೇರಿಸ್ತೀನಿ. ಹಳೇ ಸಾಲುಗಳು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಮೇಲಿನ ಯಾವುದೂ ನಡೆಯಲ್ಲ. ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮಾತ್ರ ಕನ್ನಡದ ರೂಪ ಕೊಡುತ್ತೆ. ಅಂಥ ಪದವೆಲ್ಲ ಇಂಗ್ಲಿಷ್ ಕಡೆಗೆ ಹೋಗಿ ಪ್ರತಿಯೊಂದೂ ತಪ್ಪು ಅಂತ ಬರುತ್ತೆ. ಸೆಲ್‌ನ ಫಾಂಟ್ ಏರಿಯಲ್‌ಗೆ ಬದಲಿಸಿ ನೋಡಿ: ಕನ್ನಡವಾಗೇ ಉಳಿದರೆ ಯೂನಿಕೋಡ್, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆದರೆ ಹಳೇದು. ಹಳೇದನ್ನ ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿಕೊಳ್ಳಿ, ಒತ್ತಕ್ಷರಗಳನ್ನ ಒಂದಿಷ್ಟು ಸಾಲು ಕಣ್ಣಲ್ಲೇ ಓದಿ ನೋಡಿ, ಆಮೇಲೆ ಪದಪಟ್ಟಿ ಕಟ್ಟಿ.